ಬದಲಾದಂತೆ ಕಂಡ ಟಾಲರೆನ್ಸ್: ಸಿ++ ಕ್ಲಾಸಿನ ಸ್ಟಾಟಿಕ್ ಸದಸ್ಯವನ್ನು ಪೈಥಾನ್‌ಗೆ ಕೊಟ್ಟ ಒಂದು ಪ್ರಕರಣ

ಕಂಪನಿ, ಗ್ರಾಹಕರು, ಸಹೋದ್ಯೋಗಿಗಳು ಯಾರೆಂದು ಗೊತ್ತಾಗದಂತೆ ವಿವರಗಳನ್ನು ಬದಲಿಸಿದ್ದೇನೆ. ಕ್ಲಾಸುಗಳ ಹೆಸರೂ ಬೇರೆ. ತಪ್ಪು ಹೇಗಾಯಿತು, ಅದನ್ನು ಹುಡುಕಿದ್ದು ಹೇಗೆ, ಎಲ್ಲೆಲ್ಲಿ ಏನು ತೀರ್ಮಾನ ಮಾಡಿದೆವು ಎಂಬುದನ್ನು ಮಾತ್ರ ಬಿಡಿಸಿ ಬರೆಯುತ್ತಿದ್ದೇನೆ.

ಹಿನ್ನೆಲೆ

ನಮ್ಮದು ಐದು ಜನರ ತಂಡ. ಯಂತ್ರದ ಬಿಡಿಭಾಗಗಳನ್ನು ಲೇಸರ್ ಸ್ಕ್ಯಾನರ್‌ನಿಂದ ಅಳೆಯುವ ಸಾಫ್ಟ್‌ವೇರ್ ಮಾಡುತ್ತೇವೆ. ಸ್ಕ್ಯಾನರ್ ಒಂದು ಜಾಬ್ (ಅಳೆಯಬೇಕಾದ ಬಿಡಿಭಾಗ) ಮೇಲೆ ಒಮ್ಮೆ ಓಡಿದರೆ ಲಕ್ಷಗಟ್ಟಲೆ ಬಿಂದುಗಳು ಸಿಗುತ್ತವೆ. ಅವುಗಳಿಗೆ ವೃತ್ತ, ಸಮತಲ, ಸಿಲಿಂಡರ್ ಕೂರಿಸಿ, ಬೋರ್ (ಕೊರೆದ ದುಂಡು ರಂಧ್ರ) ಅಳತೆಗೆ ಸರಿಯಿದೆಯೋ ಇಲ್ಲವೋ ಎಂದು ಹೇಳುವುದು ಸಿ++ನಲ್ಲಿ ಬರೆದ ಹಳೆಯ ಲೈಬ್ರರಿಯ ಕೆಲಸ. ಲೆಕ್ಕ ವೇಗವಾಗಿ ಆಗಬೇಕು, ಹಾಗಾಗಿ ಅದು ಸಿ++ನಲ್ಲೇ ಉಳಿದಿದೆ. ಆದರೆ ಯಾವ ಜಾಬಿಗೆ ಯಾವ ಅಳತೆ, ವರದಿ ಹೇಗಿರಬೇಕು ಎಂಬುದು ಗ್ರಾಹಕರಿಂದ ಗ್ರಾಹಕರಿಗೆ ಬದಲಾಗುತ್ತದೆ. ಅದಕ್ಕೆಲ್ಲ ಪ್ರತಿ ಸಲ ಕಂಪೈಲ್ ಮಾಡುತ್ತಾ ಕೂರಲಾಗುವುದಿಲ್ಲ. ಅದಕ್ಕಾಗಿ, ಸಿ++ ಕೋಡನ್ನು ಪೈಥಾನ್‌ನಿಂದ ಕರೆಯಲು ಸೇತುವೆ (ಬೈಂಡಿಂಗ್) ಕಟ್ಟಿಕೊಡುವ ಪೈಬೈಂಡ್11 ಬಳಸಿ ಲೈಬ್ರರಿಯನ್ನು ಪೈಥಾನ್‌ಗೆ ತೆರೆದಿಟ್ಟಿದ್ದೆವು. ಇನ್‌ಸ್ಪೆಕ್ಷನ್ ವಿಭಾಗದವರು ತಮ್ಮ ಸ್ಕ್ರಿಪ್ಟ್ ತಾವೇ ಬರೆದುಕೊಳ್ಳುತ್ತಿದ್ದರು.

ಲೈಬ್ರರಿಯಲ್ಲಿ ಸೆಟ್ಟಿಂಗ್ಸ್ ಎಂಬ ಕ್ಲಾಸ್ ಇದೆ. ಅದರ ಆಬ್ಜೆಕ್ಟನ್ನು ಯಾರೂ ಸೃಷ್ಟಿಸುವುದಿಲ್ಲ. ಒಳಗಿರುವುದೆಲ್ಲ ಸ್ಟಾಟಿಕ್ ಸದಸ್ಯಗಳೇ. ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ವ್ಯತ್ಯಾಸ ಒಪ್ಪಬಹುದು ಎಂಬ ಮಿತಿ) ಎಂಬ ಒಂದು ಡಬಲ್, ಅಂದರೆ ದಶಮಾಂಶ ಸಂಖ್ಯೆ; ಅದರ ಮೂಲ ಬೆಲೆ 0.05 ಮಿಲಿಮೀಟರ್. ಮ್ಯಾಕ್ಸ್_ಪಾಯಿಂಟ್ಸ್ ಎಂಬ ಕಾನ್ಸ್ಟ್‌ಎಕ್ಸ್‌ಪ್ರ್ ಪೂರ್ಣಾಂಕ, ಅಂದರೆ ಕಂಪೈಲ್ ಆಗುವಾಗಲೇ ಗೊತ್ತಿರುವ, ಬದಲಾಗದ ಬೆಲೆ. ಲೆಕ್ಕಕ್ಕೆ ತೆಗೆದುಕೊಳ್ಳಬಾರದ ಭಾಗಗಳ ಹೆಸರುಗಳಿರುವ ಒಂದು ವೆಕ್ಟರ್ (ಪಟ್ಟಿ). ಸಿ++ ಬರೆಯುವವರಿಗೆ ಇದರಲ್ಲಿ ಗೊಂದಲವೇ ಇಲ್ಲ: ಸ್ಟಾಟಿಕ್ ಸದಸ್ಯ ಎಂದರೆ ಇಡೀ ಪ್ರೋಗ್ರಾಮಿಗೆ ಒಂದೇ ಜಾಗ, ಯಾರು ಎಲ್ಲಿಂದ ಬದಲಿಸಿದರೂ ಎಲ್ಲರಿಗೂ ಅದೇ ಕಾಣುತ್ತದೆ. ಆ ‘ಒಂದೇ ಜಾಗ’ ಎಂಬ ನಂಬಿಕೆ ಪೈಥಾನ್ ಗಡಿ ದಾಟಿದ ಕೂಡಲೇ ನಮ್ಮ ಕೈಬಿಟ್ಟಿತು. ಪ್ರಕರಣದ ತಿರುಳು ಅದೇ.

ಬೆಳಗಿನ ವರದಿ

ಒಬ್ಬ ಗ್ರಾಹಕರು ಒಂದು ಬೋರಿಗೆ 0.05ರ ಬದಲು 0.02 ಮಿಲಿಮೀಟರ್ ಟಾಲರೆನ್ಸ್ ಕೇಳಿದರು. ಇನ್‌ಸ್ಪೆಕ್ಷನ್ ವಿಭಾಗದ ಮೇಡಂ ತಮ್ಮ ಸ್ಕ್ರಿಪ್ಟಿನ ಮೊದಲ ಸಾಲಿಗೆ ‘ಸೆಟ್ಟಿಂಗ್ಸ್.ಟಾಲರೆನ್ಸ್ = 0.02’ ಎಂದು ಸೇರಿಸಿ, ಅದರ ಕೆಳಗೆ ಒಂದು ಪ್ರಿಂಟ್ ಹಾಕಿ, ರಾತ್ರಿ ಓಡಲು ಬಿಟ್ಟು ಹೋದರು. ಬೆಳಿಗ್ಗೆ ನೋಡಿದರೆ ಎಲ್ಲ ಜಾಬ್‌ಗಳೂ ಪಾಸ್. ಅವರಿಗೆ ಅನುಮಾನ ಬಂತು. ವರ್ಷಗಟ್ಟಲೆ ಅಳತೆ ನೋಡಿದವರು ಅವರು. ಟಾಲರೆನ್ಸ್ ಅರ್ಧಕ್ಕಿಂತ ಕಡಿಮೆಯಾದ ಮೇಲೂ ಒಂದೇ ಒಂದು ರಿಜೆಕ್ಷನ್ ಬರದಿರಲು ಸಾಧ್ಯವಿಲ್ಲ ಎಂದು ಅವರ ಅನುಭವ ಹೇಳಿತು. ಲಾಟನ್ನು ತಡೆದು ನಿಲ್ಲಿಸಿ ನಮ್ಮ ಬಳಿ ಬಂದರು.

‘ನೋಡಿ ಸರ್, ಪ್ರಿಂಟ್ ಮಾಡಿದರೆ 0.02 ಅಂತಲೇ ಬರ್ತಿದೆ. ಆದರೆ ಲೆಕ್ಕ ಹಳೇದರ ಹಾಗೇ ಇದೆ.’

ಅವರು ಎರಡೇ ವಾಕ್ಯದಲ್ಲಿ ಇಡೀ ರೋಗವನ್ನು ಹೇಳಿಬಿಟ್ಟಿದ್ದರು. ನಮಗೆ ಅದು ಅರ್ಥವಾಗಲು ಅರ್ಧ ದಿನ ಬೇಕಾಯಿತು. ಮೊದಲು ಲೆಕ್ಕದ ಕೋಡನ್ನು ಅನುಮಾನಿಸಿದೆವು, ಆಮೇಲೆ ಸ್ಕ್ಯಾನರ್ ಡೇಟಾವನ್ನು. ‘ಪ್ರಿಂಟ್ ಸರಿಯಾಗಿಯೇ ಇದೆಯಲ್ಲ’ ಎಂಬ ಸಮಾಧಾನ ನಮ್ಮನ್ನು ಬೈಂಡಿಂಗ್ ಕಡೆ ನೋಡಲು ಬಿಡಲೇ ಇಲ್ಲ.

ಕೊನೆಗೆ ಒಬ್ಬ ಕಿರಿಯ ಸಹೋದ್ಯೋಗಿ ಪೈಥಾನ್ ಪ್ರಾಂಪ್ಟಿನಲ್ಲಿ ‘ವಾರ್ಸ್(ಸೆಟ್ಟಿಂಗ್ಸ್)’ ಎಂದು ಹೊಡೆದು, ಕ್ಲಾಸಿನ ಒಳಗಿನ ಡಿಕ್ಷನರಿಯಲ್ಲಿ ಟಾಲರೆನ್ಸ್ ಹೆಸರಿನ ಎದುರು ಏನಿದೆ ಎಂದು ನೋಡಿದ. ಅಲ್ಲಿದ್ದದ್ದು 0.02 ಎಂಬ ಬರೀ ಫ್ಲೋಟ್. ಸಿ++ ಕಡೆಗೆ ಕರೆದೊಯ್ಯುವ ಯಾವ ಕೊಂಡಿಯೂ ಇರಲಿಲ್ಲ. ಬೈಂಡಿಂಗ್ ಫೈಲ್ ತೆರೆದರೆ ಕಾರಣ ಒಂದೇ ಸಾಲಿನಲ್ಲಿತ್ತು: ಯಾರೋ ಅವಸರದಲ್ಲಿ ಕ್ಲಾಸಿನ ‘ಆಟ್ರ್’ ಮೂಲಕ ಸ್ಟಾಟಿಕ್ ಸದಸ್ಯದ ಬೆಲೆಯನ್ನು ನೇರವಾಗಿ ಇಟ್ಟಿದ್ದರು. ಅಂದರೆ ಮಾಡ್ಯೂಲ್ ಇಂಪೋರ್ಟ್ ಆದ ಕ್ಷಣದಲ್ಲಿ 0.05ರ ಒಂದು ನಕಲು ಪೈಥಾನ್ ಕಡೆ ಹುಟ್ಟಿಕೊಂಡಿತ್ತು. ಮೇಡಂ ಬದಲಿಸಿದ್ದು ಆ ನಕಲನ್ನು, ಪ್ರಿಂಟ್ ತೋರಿಸಿದ್ದೂ ಆ ನಕಲನ್ನೇ. ಅಸಲು ಸಿ++ ಮೆಮೊರಿಯಲ್ಲಿ 0.05 ಆಗಿಯೇ ಕೂತಿತ್ತು.

ಎರರ್ ಬಂದಿದ್ದರೆ ಇಷ್ಟು ಕಷ್ಟವಿರಲಿಲ್ಲ. ತಪ್ಪು ಸದ್ದಿಲ್ಲದೆ ನಡೆದಿತ್ತು, ಮೇಲಾಗಿ ಸರಿಯಾಗಿದೆ ಎಂಬ ಸಾಕ್ಷಿಯನ್ನೂ ತಾನೇ ಕೊಡುತ್ತಿತ್ತು. ಅಳತೆಯ ಕೆಲಸದಲ್ಲಿ ಇದಕ್ಕಿಂತ ಅಪಾಯ ಬೇರೆ ಇಲ್ಲ ಎಂದು ನಾನು ನಂಬುತ್ತೇನೆ.

ಮಾಡಿ ನೋಡಿದ್ದು

ಅಂದು ಸಂಜೆಯೇ ಹೊಳೆದ ಉಪಾಯ ಎರಡು ಸ್ಟಾಟಿಕ್ ಫಂಕ್ಷನ್: ಗೆಟ್_ಟಾಲರೆನ್ಸ್, ಸೆಟ್_ಟಾಲರೆನ್ಸ್. ಸರಳ, ಯಾವ ಬೈಂಡಿಂಗ್ ಲೈಬ್ರರಿಯಲ್ಲಾದರೂ ನಡೆಯುತ್ತದೆ. ಬರೆದು ಟೆಸ್ಟ್ ಮಾಡಿದೆವು, ಸರಿಯಾಗಿ ನಡೆಯಿತು. ಆದರೂ ಬಿಟ್ಟೆವು. ಹಳೆಯ ಸ್ಕ್ರಿಪ್ಟುಗಳು ಹತ್ತಾರು ಕಡೆ ‘ಸೆಟ್ಟಿಂಗ್ಸ್.ಟಾಲರೆನ್ಸ್ = ...’ ಎಂದೇ ಬರೆದಿದ್ದವು. ಫಂಕ್ಷನ್ ತಂದು ಹಳೆಯ ಹೆಸರನ್ನು ತೆಗೆದುಹಾಕಿದರೂ ಪೈಥಾನ್ ಆ ಸಾಲನ್ನು ಬೇಡ ಎನ್ನುವುದಿಲ್ಲ. ಕ್ಲಾಸಿನ ಮೇಲೆ ಆ ಹೆಸರಿನ ಹೊಸ ಆಟ್ರಿಬ್ಯೂಟ್ ಸೃಷ್ಟಿಸಿ ಮುಂದೆ ಹೋಗುತ್ತದೆ. ಅದೇ ಮೌನದ ತಪ್ಪು ಇನ್ನೊಂದು ಬಾಗಿಲಿನಿಂದ ಒಳಗೆ ಬರುತ್ತಿತ್ತು. ಸ್ಕ್ರಿಪ್ಟ್ ಬರೆಯುವವರ ಕೈಗೆ ಈಗಾಗಲೇ ಒಗ್ಗಿದ ಆ ಸಾಲನ್ನೇ ಸರಿ ಮಾಡಬೇಕು ಎಂದು ನಿರ್ಧರಿಸಿದೆವು. ಮುಂದಿನದೆಲ್ಲ ಈ ತೀರ್ಮಾನದ ಹಿಂದೆ ಬಂದದ್ದು.

‘ಕ್ಲಾಸ್ ಯಾಕೆ, ಮಾಡ್ಯೂಲ್ ಮೇಲೆಯೇ ಟಾಲರೆನ್ಸ್ ಇಟ್ಟುಬಿಡೋಣ’ ಎಂದು ಒಬ್ಬರು ಅಂದರು. ಅಲ್ಲೂ ಅದೇ ಕಥೆ. ಮಾಡ್ಯೂಲಿನ ಹೆಸರಿಗೆ ಹೊಸ ಬೆಲೆ ಕೊಟ್ಟರೆ ಮಾಡ್ಯೂಲಿನ ಡಿಕ್ಷನರಿ ಬದಲಾಗುತ್ತದೆ, ಅಷ್ಟೇ.

ಮುಂದಿನ ಯೋಚನೆ ಪ್ರಾಪರ್ಟಿ: ಹೆಸರನ್ನು ಓದಿದಾಗ ಒಂದು ಫಂಕ್ಷನ್ (ಗೆಟ್ಟರ್), ಬೆಲೆ ಇಟ್ಟಾಗ ಇನ್ನೊಂದು (ಸೆಟ್ಟರ್) ಓಡುವ ಏರ್ಪಾಡು. ಡೆಫ್_ಪ್ರಾಪರ್ಟಿ ಹಾಕಿ ಗೆಟ್ಟರ್, ಸೆಟ್ಟರ್ ಕೊಟ್ಟೆವು. ಈಗ ‘ಸೆಟ್ಟಿಂಗ್ಸ್.ಟಾಲರೆನ್ಸ್’ ಎಂದು ಕೇಳಿದರೆ ಸಂಖ್ಯೆ ಬರಲಿಲ್ಲ, ‘ಪ್ರಾಪರ್ಟಿ ಆಬ್ಜೆಕ್ಟ್’ ಎಂದು ಬಂತು. ಅದಕ್ಕೆ 0.02 ಕೊಟ್ಟರೆ ಪ್ರಾಪರ್ಟಿಯೇ ಅಳಿಸಿಹೋಗಿ, ಅದರ ಜಾಗದಲ್ಲಿ ಮತ್ತೆ ಬರೀ ಫ್ಲೋಟ್ ಕೂತಿತು. ಇಲ್ಲಿಗೆ ಬಂದ ಮೇಲೆ ಊಹೆಗಳನ್ನು ನಿಲ್ಲಿಸಿ ಪೈಥಾನ್ ನಿಯಮವನ್ನೇ ಕೂತು ಓದಿದೆವು. ಮೊದಲೇ ಓದಿದ್ದರೆ ಎರಡು ದಿನ ಉಳಿಯುತ್ತಿತ್ತು.

ನಿಯಮ ಹೀಗಿದೆ. ಒಂದು ಆಬ್ಜೆಕ್ಟಿನ ಮೇಲೆ ಡಾಟ್ ಹಾಕಿ ಬೆಲೆ ಇಟ್ಟರೆ, ಪೈಥಾನ್ ಆ ಹೆಸರನ್ನು ಆಬ್ಜೆಕ್ಟಿನ ಕ್ಲಾಸಿನಲ್ಲಿ ಹುಡುಕುತ್ತದೆ. ಅಲ್ಲಿ ಪ್ರಾಪರ್ಟಿಯಂಥ ಡಿಸ್ಕ್ರಿಪ್ಟರ್ (ಓದು-ಬರಹವನ್ನು ತಾನೇ ನಿಭಾಯಿಸುವ ಆಬ್ಜೆಕ್ಟ್) ಸಿಕ್ಕರೆ ಅದರ ಸೆಟ್ಟರನ್ನು ಕರೆಯುತ್ತದೆ. ಕ್ಲಾಸಿನ ಮೇಲೆಯೇ ಬೆಲೆ ಇಟ್ಟಾಗಲೂ ನಿಯಮ ಇದೇ, ಮೆಟ್ಟಿಲು ಮಾತ್ರ ಒಂದು ಮೇಲೆ: ಈಗ ಹುಡುಕುವುದು ಕ್ಲಾಸಿನ ಕ್ಲಾಸಿನಲ್ಲಿ, ಅಂದರೆ ಮೆಟಾಕ್ಲಾಸಿನಲ್ಲಿ. ಸಾಮಾನ್ಯ ಕ್ಲಾಸುಗಳಿಗೆಲ್ಲ ಮೆಟಾಕ್ಲಾಸ್ ‘ಟೈಪ್’. ಅದರಲ್ಲಿ ಟಾಲರೆನ್ಸ್ ಎಂಬ ಹೆಸರು ಎಲ್ಲಿಂದ ಬರಬೇಕು? ಸಿಗದ್ದರಿಂದ ಕ್ಲಾಸಿನ ಡಿಕ್ಷನರಿಗೇ ಬರೆದುಬಿಡುತ್ತದೆ. ಅಲ್ಲಿ ಮೊದಲೇ ಒಂದು ಪ್ರಾಪರ್ಟಿ ಇದ್ದರೂ ಅದನ್ನು ಕೇಳುವುದಿಲ್ಲ. ಓದುವಾಗ ಮಾತ್ರ ಕ್ಲಾಸಿನ ಡಿಕ್ಷನರಿಯಲ್ಲಿರುವ ಡಿಸ್ಕ್ರಿಪ್ಟರನ್ನು ಕೇಳುತ್ತದೆ, ಆದರೆ ‘ಆಬ್ಜೆಕ್ಟ್ ಇಲ್ಲ’ ಎಂದು ಹೇಳಿ ಕೇಳುತ್ತದೆ. ಆಬ್ಜೆಕ್ಟ್ ಇಲ್ಲದಿದ್ದಾಗ ಪ್ರಾಪರ್ಟಿ ತನ್ನನ್ನೇ ಹಿಂದಿರುಗಿಸುತ್ತದೆ. ನಾವು ಕಂಡ ಎರಡೂ ವಿಚಿತ್ರಗಳಿಗೆ ಇದೇ ವಿವರಣೆ.

ಶುದ್ಧ ಪೈಥಾನ್ ಹೊದಿಕೆಯಲ್ಲಿ ಇದನ್ನು ಬಗೆಹರಿಸಲು ಒಬ್ಬರು ಕ್ಲಾಸ್‌ಮೆಥಡ್ ಮತ್ತು ಪ್ರಾಪರ್ಟಿಯನ್ನು ಒಂದರ ಮೇಲೊಂದು ಹಾಕಿದರು. ಪೈಥಾನ್ 3.9ರಲ್ಲಿ ಬಂದ ಈ ಸೌಲಭ್ಯವನ್ನು 3.11ರಲ್ಲಿ ಕೈಬಿಡುವುದಾಗಿ ಹೇಳಿ, 3.13ರಲ್ಲಿ ತೆಗೆದೇಬಿಟ್ಟರು. ಅದು ಇದ್ದಾಗಲೂ ಓದಲು ಮಾತ್ರ ಬರುತ್ತಿತ್ತು; ಬರೆದರೆ ಮತ್ತೆ ಅಳಿಸಿಹೋಗುತ್ತಿತ್ತು. ನಮ್ಮದೇ ಮೆಟಾಕ್ಲಾಸ್ ಬರೆದು ಅದರಲ್ಲಿ ಪ್ರಾಪರ್ಟಿ ಇಡುವುದೂ ಸಾಧ್ಯವಿತ್ತು. ಆದರೆ ಸಿ++ನಲ್ಲಿ ಒಂದು ಸದಸ್ಯ ಸೇರಿದಾಗಲೆಲ್ಲ ಪೈಥಾನ್ ಹೊದಿಕೆಯಲ್ಲೂ ಕೈಯಾರೆ ಸೇರಿಸಬೇಕು. ಎರಡು ಕಡೆ ಇಡಬೇಕಾದ ಪಟ್ಟಿ ಒಂದು ದಿನ ತಪ್ಪೇ ತಪ್ಪುತ್ತದೆ ಎಂದು ಅದನ್ನೂ ಬಿಟ್ಟೆವು.

ಸರಿಯಾದ ಬಾಗಿಲು

ನಮಗೆ ಬೇಕಾದದ್ದು ಪೈಬೈಂಡ್11ರಲ್ಲೇ ಇತ್ತು: ಡೆಫ್_ರೀಡ್‌ರೈಟ್_ಸ್ಟಾಟಿಕ್. ಓದಲು ಮಾತ್ರ ಬೇಕಾದರೆ ಡೆಫ್_ರೀಡ್‌ಓನ್ಲಿ_ಸ್ಟಾಟಿಕ್, ನಮ್ಮದೇ ಗೆಟ್ಟರ್-ಸೆಟ್ಟರ್ ಕೊಡಬೇಕಾದರೆ ಡೆಫ್_ಪ್ರಾಪರ್ಟಿ_ಸ್ಟಾಟಿಕ್. ಇದು ಮಾಡುವ ಕೆಲಸ ಎರಡು ತುಂಡಾಗಿದೆ. ಒಂದು, ಪ್ರಾಪರ್ಟಿಯಿಂದಲೇ ಹುಟ್ಟಿದ ‘ಪೈಬೈಂಡ್11_ಸ್ಟಾಟಿಕ್_ಪ್ರಾಪರ್ಟಿ’ ಎಂಬ ಬಗೆ. ಓದುವಾಗ ಇದು ಆಬ್ಜೆಕ್ಟ್ ಇರಬೇಕಾದ ಜಾಗಕ್ಕೆ ಕ್ಲಾಸನ್ನೇ ಕೊಟ್ಟು ಗೆಟ್ಟರನ್ನು ಕರೆಯುತ್ತದೆ. ಇನ್ನೊಂದು, ‘ಪೈಬೈಂಡ್11_ಟೈಪ್’ ಎಂಬ ಮೆಟಾಕ್ಲಾಸ್. ಕ್ಲಾಸಿನ ಮೇಲೆ ಯಾರಾದರೂ ಬೆಲೆ ಇಡಲು ಬಂದರೆ ಇದು ಮೊದಲು ಆ ಹೆಸರಿನಲ್ಲಿ ಸ್ಟಾಟಿಕ್ ಪ್ರಾಪರ್ಟಿ ಇದೆಯೇ ಎಂದು ನೋಡುತ್ತದೆ. ಇದ್ದರೆ ಅದರ ಸೆಟ್ಟರಿಗೆ ಒಪ್ಪಿಸುತ್ತದೆ, ಇಲ್ಲದಿದ್ದರೆ ‘ಟೈಪ್’ ಮಾಡುವುದನ್ನೇ ಮಾಡುತ್ತದೆ. 2.0 ಆವೃತ್ತಿಯಲ್ಲಿ ಈ ಮೆಟಾಕ್ಲಾಸ್ ಬೇಕೆಂದು ನಾವೇ ಹೇಳಬೇಕಿತ್ತು. 2017ರಲ್ಲಿ ಬಂದ 2.1ರಿಂದ ಎಲ್ಲ ಕ್ಲಾಸುಗಳಿಗೂ ತಾನಾಗಿಯೇ ಸಿಗುತ್ತದೆ. ಇದಕ್ಕಿಂತ ಹಳೆಯದಾದ ಬೂಸ್ಟ್.ಪೈಥಾನ್‌ನಲ್ಲಿ ಆಡ್_ಸ್ಟಾಟಿಕ್_ಪ್ರಾಪರ್ಟಿ, ಹೊಸದಾದ ನ್ಯಾನೋಬೈಂಡ್‌ನಲ್ಲಿ ಡೆಫ್_ಆರ್‌ಡಬ್ಲ್ಯೂ_ಸ್ಟಾಟಿಕ್ ಇದೇ ಕೆಲಸಕ್ಕೆ ಇವೆ. ಸ್ವಿಗ್ ಎಂಬ ಇನ್ನೊಂದು ಬೈಂಡಿಂಗ್ ಸಾಧನ ಬಳಸಿದವರಿಗೆ ಗ್ಲೋಬಲ್ ವೇರಿಯಬಲ್‌ಗಳನ್ನು ‘ಸಿವಾರ್’ ಎಂಬ ಆಬ್ಜೆಕ್ಟಿನ ಮೂಲಕ ಮುಟ್ಟಬೇಕಾದದ್ದು ನೆನಪಿರಬಹುದು. ಅದರ ಹಿಂದೆಯೂ ಇದೇ ತೊಡಕಿದೆ: ಸಾಮಾನ್ಯ ಮಾಡ್ಯೂಲ್ ಮೇಲಿನ ಬರಹವನ್ನು ನಡುವೆ ತಡೆದು ಹಿಡಿಯಲು ಪೈಥಾನ್ ಸುಲಭವಾಗಿ ಬಿಡುವುದಿಲ್ಲ.

ಒಂದು ಸಾಲು ಬದಲಿಸಿ ಕಂಪೈಲ್ ಮಾಡಿದೆವು. ಮೇಡಂ ಅವರ ಸ್ಕ್ರಿಪ್ಟನ್ನು ಒಂದಕ್ಷರವೂ ಮುಟ್ಟದೆ ಮತ್ತೆ ಓಡಿಸಿದೆವು. ಆ ಲಾಟಿನಲ್ಲಿ ರಿಜೆಕ್ಷನ್‌ಗಳು ಬಂದವು. ರಿಜೆಕ್ಷನ್ ಕಂಡು ಅಷ್ಟು ಸಮಾಧಾನವಾದದ್ದು ನನಗೆ ಅದೇ ಮೊದಲು.

ಟಾಲರೆನ್ಸ್‌ಗೆ ಋಣಸಂಖ್ಯೆ ಕೊಟ್ಟರೆ ತಡೆಯಬೇಕು ಎಂದು ಆಮೇಲೆ ಅದನ್ನು ಡೆಫ್_ಪ್ರಾಪರ್ಟಿ_ಸ್ಟಾಟಿಕ್‌ಗೆ ಬದಲಿಸಿದೆವು. ಅಲ್ಲೊಂದು ಎಡವಟ್ಟಾಯಿತು. ಸ್ಟಾಟಿಕ್ ತಾನೇ, ಆರ್ಗ್ಯುಮೆಂಟ್ ಯಾಕೆ ಎಂದು ಗೆಟ್ಟರ್ ಲ್ಯಾಂಬ್ಡಾವನ್ನು (ಹೆಸರಿಲ್ಲದ ಪುಟ್ಟ ಫಂಕ್ಷನ್) ಖಾಲಿ ಆವರಣದೊಂದಿಗೆ ಬರೆದೆವು. ಕಂಪೈಲ್ ಆಯಿತು, ಇಂಪೋರ್ಟ್ ಆಯಿತು, ಓದಲು ಹೋದಾಗ ಟೈಪ್‌ಎರರ್. ಮೇಲೆ ಹೇಳಿದಂತೆ ಕ್ಲಾಸನ್ನು ಮೊದಲ ಆರ್ಗ್ಯುಮೆಂಟಾಗಿ ಕಳಿಸುವುದರಿಂದ, ಬಳಸದಿದ್ದರೂ ಅದನ್ನು ತೆಗೆದುಕೊಳ್ಳಲೇಬೇಕು: ಗೆಟ್ಟರಿಗೆ ಒಂದು, ಸೆಟ್ಟರಿಗೆ ಎರಡು.

ಮ್ಯಾಕ್ಸ್_ಪಾಯಿಂಟ್ಸ್ ಬೇರೆಯದೇ ತಕರಾರು ತೆಗೆಯಿತು. ಡೆಫ್_ರೀಡ್‌ಓನ್ಲಿ_ಸ್ಟಾಟಿಕ್‌ಗೆ ಅದರ ವಿಳಾಸ ಕೊಟ್ಟೆವು. ಬಿಲ್ಡ್ ಸರಾಗವಾಗಿ ಮುಗಿದು, ಇಂಪೋರ್ಟ್ ಮಾಡುವಾಗ ‘ಅನ್‌ಡಿಫೈನ್ಡ್ ಸಿಂಬಲ್’ ಎಂಬ ಎರರ್: ಬೇಕಾದ ಸಿಂಬಲ್ (ಲಿಂಕರ್ ಹುಡುಕುವ ಹೆಸರು) ಸಿಗಲಿಲ್ಲ. ನಾವು ಆಗ ಸಿ++14ರಲ್ಲಿದ್ದೆವು. ಅಲ್ಲಿ ಕ್ಲಾಸಿನೊಳಗೆ ಬೆಲೆ ಕೊಟ್ಟ ಕಾನ್ಸ್ಟ್‌ಎಕ್ಸ್‌ಪ್ರ್ ಸ್ಟಾಟಿಕ್ ಸದಸ್ಯಕ್ಕೆ ಹೊರಗೆ ಪ್ರತ್ಯೇಕ ಡೆಫಿನಿಶನ್ ಬರೆಯದಿದ್ದರೆ ಮೆಮೊರಿಯಲ್ಲಿ ಜಾಗವೇ ಇರುವುದಿಲ್ಲ. ಬರೀ ಬೆಲೆ ಬಳಸುವವರೆಗೆ ತೊಂದರೆಯಿಲ್ಲ, ವಿಳಾಸ ಕೇಳಿದ ಕೂಡಲೇ ಸಿಕ್ಕಿಬೀಳುತ್ತದೆ. ಲಿನಕ್ಸ್‌ನಲ್ಲಿ ಶೇರ್ಡ್ ಲೈಬ್ರರಿ ಕಟ್ಟುವಾಗ ಲಿಂಕರ್ ಇಂಥದ್ದನ್ನು ಸಾಮಾನ್ಯವಾಗಿ ಸುಮ್ಮನೆ ಬಿಡುತ್ತದೆ, ಹಾಗಾಗಿ ಎರರ್ ಇಂಪೋರ್ಟಿನ ತನಕ ಅಡಗಿತ್ತು. ಸಿ++17ಕ್ಕೆ ಏರಿದ ಮೇಲೆ ಇಂಥ ಸದಸ್ಯಗಳು ತಾವಾಗಿಯೇ ಇನ್‌ಲೈನ್ ಆಗಿ, ಹೊರಗೆ ಡೆಫಿನಿಶನ್ ಬೇಡವಾಗುವುದರಿಂದ ಸಮಸ್ಯೆ ಹೋಯಿತು. ನಿಜವಾಗಿ, ಎಂದೂ ಬದಲಾಗದ ಬೆಲೆಗೆ ಮೊದಲಿನ ‘ಆಟ್ರ್’ ನಕಲು ಸಾಕಾಗಿತ್ತು. ನಕಲು ತಪ್ಪಾಗುವುದು ಅಸಲು ಬದಲಾಗುವಾಗ ಮಾತ್ರ.

ಟೆಸ್ಟುಗಳು ಹೇಳಿದ ಸುಳ್ಳು

ಎಲ್ಲ ಮುಗಿಯಿತು ಎಂದುಕೊಂಡ ಮೇಲೆ ಬಂದದ್ದು ಈ ಪ್ರಕರಣದ ಅತಿ ಸೂಕ್ಷ್ಮ ಭಾಗ. ಇದಕ್ಕಾಗಿಯೇ ನಾನು ಬರೆಯಲು ಕೂತಿದ್ದು ಎಂದರೂ ತಪ್ಪಿಲ್ಲ.

ನಮ್ಮ ಟೆಸ್ಟುಗಳು ಪೈಟೆಸ್ಟ್ ಎಂಬ ಪೈಥಾನ್ ಟೆಸ್ಟಿಂಗ್ ಸಾಧನದಲ್ಲಿವೆ. ಒಂದು ಟೆಸ್ಟ್ ಟಾಲರೆನ್ಸನ್ನು 0.5 ಮಾಡಿ, ಒರಟು ಜಾಬ್ ಪಾಸಾಗುವುದನ್ನು ನೋಡುತ್ತದೆ. ಟೆಸ್ಟ್ ಮುಗಿದ ಮೇಲೆ ಹಳೆಯ ಬೆಲೆ ಮರಳಲಿ ಎಂದು, ಬೆಲೆಯನ್ನು ತಾತ್ಕಾಲಿಕವಾಗಿ ಬದಲಿಸಿಕೊಡುವ ಪೈಟೆಸ್ಟಿನದೇ ಸಾಧನವಾದ ಮಂಕಿಪ್ಯಾಚಿನ ಸೆಟ್‌ಆಟ್ರ್ ಬಳಸಿದ್ದೆವು. ಪೈಥಾನ್ ಬರೆಯುವವರೆಲ್ಲ ಹಾಗೆಯೇ ಮಾಡುತ್ತಾರೆ. ಬೈಂಡಿಂಗ್ ಸರಿ ಮಾಡಿದ ವಾರದಲ್ಲೇ ಬೇರೊಂದು ಟೆಸ್ಟ್ ಆಗೊಮ್ಮೆ ಈಗೊಮ್ಮೆ ಬೀಳತೊಡಗಿತು. ಒಂಟಿಯಾಗಿ ಓಡಿಸಿದರೆ ಪಾಸ್, ಎಲ್ಲದರ ಜೊತೆ ಓಡಿಸಿದರೆ ಫೇಲ್. ಒಳಗೆ ಟಾಲರೆನ್ಸ್ ಪ್ರಿಂಟ್ ಮಾಡಿದರೆ 0.5. ಹಿಂದಿನ ಟೆಸ್ಟಿನ ಬೆಲೆ ಉಳಿದುಕೊಂಡಿತ್ತು.

ಮಂಕಿಪ್ಯಾಚ್ ಇಷ್ಟು ಮೂಲಭೂತ ಕೆಲಸದಲ್ಲಿ ತಪ್ಪುತ್ತದೆಯೇ ಎಂದು ಅದರ ಕೋಡ್ ತೆರೆದೆವು. ಅದು ತಪ್ಪಿರಲಿಲ್ಲ. ಬದಲಿಸಬೇಕಾದದ್ದು ಕ್ಲಾಸ್ ಆಗಿದ್ದರೆ ಮಂಕಿಪ್ಯಾಚ್ ಹಳೆಯ ಬೆಲೆಯನ್ನು ಡಾಟ್ ಮೂಲಕ ಓದಿ ಇಟ್ಟುಕೊಳ್ಳುವುದಿಲ್ಲ. ಕ್ಲಾಸಿನ ಡಿಕ್ಷನರಿಯಲ್ಲಿರುವುದನ್ನು ಹಾಗೆಯೇ ತೆಗೆದಿಟ್ಟುಕೊಳ್ಳುತ್ತದೆ. ಸ್ಟಾಟಿಕ್‌ಮೆಥಡ್, ಕ್ಲಾಸ್‌ಮೆಥಡ್‌ಗಳು ಕೆಡದಿರಲಿ ಎಂಬ ಒಳ್ಳೆಯ ಉದ್ದೇಶ ಅದರ ಹಿಂದಿದೆ. ನಮ್ಮ ಕ್ಲಾಸಿನ ಡಿಕ್ಷನರಿಯಲ್ಲಿ ಇದ್ದದ್ದು 0.05 ಅಲ್ಲ, ಸ್ಟಾಟಿಕ್ ಪ್ರಾಪರ್ಟಿ. ಹಾಗಾಗಿ ಮಂಕಿಪ್ಯಾಚ್ ಪ್ರಾಪರ್ಟಿಯನ್ನು ಜೋಪಾನವಾಗಿ ಎತ್ತಿಟ್ಟುಕೊಂಡು, 0.5 ಇಟ್ಟಿತು. ಮೆಟಾಕ್ಲಾಸ್ ಅದನ್ನು ಸಿ++ಗೆ ಒಪ್ಪಿಸಿತು. ಟೆಸ್ಟ್ ಮುಗಿದ ಮೇಲೆ ಮಂಕಿಪ್ಯಾಚ್ ಎತ್ತಿಟ್ಟದ್ದನ್ನು ಹಿಂದಿರುಗಿಸಿತು, ಅಂದರೆ ಟಾಲರೆನ್ಸ್ ಹೆಸರಿಗೆ ಆ ಪ್ರಾಪರ್ಟಿಯನ್ನೇ ಬೆಲೆಯಾಗಿ ಕೊಟ್ಟಿತು. ಪೈಬೈಂಡ್11ರ ಮೆಟಾಕ್ಲಾಸಿನಲ್ಲಿ ಇದಕ್ಕೊಂದು ವಿಶೇಷ ನಿಯಮವಿದೆ: ಕೊಡುತ್ತಿರುವ ಬೆಲೆಯೇ ಸ್ಟಾಟಿಕ್ ಪ್ರಾಪರ್ಟಿಯಾಗಿದ್ದರೆ ಸೆಟ್ಟರನ್ನು ಕರೆಯದೆ ಹಳೆಯ ಪ್ರಾಪರ್ಟಿಯ ಜಾಗದಲ್ಲಿ ಹೊಸದನ್ನು ಕೂರಿಸುತ್ತದೆ. ಇದ್ದ ಪ್ರಾಪರ್ಟಿಯ ಜಾಗಕ್ಕೆ ಅದೇ ಪ್ರಾಪರ್ಟಿ ಬಂದು ಕೂತಿತು. ಸಿ++ ಮೆಮೊರಿಯ 0.5ನ್ನು ಯಾರೂ ಮುಟ್ಟಲಿಲ್ಲ.

ಮಂಕಿಪ್ಯಾಚ್ ತನ್ನ ಮಟ್ಟಿಗೆ ಸರಿ, ಪೈಬೈಂಡ್11 ತನ್ನ ಮಟ್ಟಿಗೆ ಸರಿ, ಎರಡೂ ಸೇರಿದಲ್ಲಿ ಸೋರಿಕೆ. ಯೂನಿಟ್‌ಟೆಸ್ಟ್‌ನ ಮಾಕ್.ಪ್ಯಾಚ್.ಆಬ್ಜೆಕ್ಟ್ ಕೂಡ ಕ್ಲಾಸಿನ ಡಿಕ್ಷನರಿಯಿಂದಲೇ ಹಳೆಯದನ್ನು ತೆಗೆದಿಟ್ಟುಕೊಳ್ಳುವುದರಿಂದ ಅಲ್ಲೂ ಇದೇ ಆಗುತ್ತದೆ. ನಕಲು ಇದ್ದ ಕಾಲದಲ್ಲಿ ಈ ಟೆಸ್ಟುಗಳು ಹಸಿರಾಗಿದ್ದವು ಎಂಬುದು ಇನ್ನೊಂದು ಪಾಠ. ಅವು ಆಗ ಪೈಥಾನ್ ಕಡೆಯ ಸಂಖ್ಯೆಯನ್ನು ಬದಲಿಸಿ, ಅದನ್ನೇ ಓದಿ, ಸರಿ ಎನ್ನುತ್ತಿದ್ದವು. ಲೆಕ್ಕ ಬದಲಾಯಿತೇ ಎಂದು ಕೇಳುವ ಟೆಸ್ಟ್ ಒಂದೂ ಇರಲಿಲ್ಲ. ಒರಟು ಜಾಬಿನ ಟೆಸ್ಟನ್ನೂ 0.05ರಲ್ಲೇ ಪಾಸಾಗುವ ಡೇಟಾ ಹಾಕಿ ಬರೆದಿದ್ದೆವು.

ಪರಿಹಾರ ಸರಳವಾಗಿತ್ತು. ನಮ್ಮದೇ ಒಂದು ಫಿಕ್ಸ್‌ಚರ್: ಮೊದಲು ಬೆಲೆಯನ್ನು ಡಾಟ್ ಮೂಲಕ ಓದಿಟ್ಟುಕೊಂಡು, ಟೆಸ್ಟ್ ಮುಗಿದ ಮೇಲೆ ಏನೇ ಆದರೂ ಆ ಸಂಖ್ಯೆಯನ್ನೇ ಮತ್ತೆ ಇಡುತ್ತದೆ. ಸೆಟ್ಟಿಂಗ್ಸ್ ಮೇಲೆ ಮಂಕಿಪ್ಯಾಚ್ ಬಳಸಬಾರದು ಎಂದು ಕೋಡ್ ರಿವ್ಯೂ ಪಟ್ಟಿಗೆ ಸೇರಿಸಿದೆವು.

ಇದೇ ಹೊತ್ತಿಗೆ ಕ್ಲಾಸಿನಿಂದ ಕ್ಲಾಸ್ ಹುಟ್ಟಿಸುವ ಅಭ್ಯಾಸವೂ ಕಣ್ಣಿಗೆ ಬಿತ್ತು. ಒಂದು ಸ್ಕ್ರಿಪ್ಟಿನಲ್ಲಿ ಸೆಟ್ಟಿಂಗ್ಸ್‌ನಿಂದ ಗ್ರಾಹಕರ ಹೆಸರಿನ ಕ್ಲಾಸ್ ಮಾಡಿ, ಅದರ ಒಡಲಲ್ಲಿ ‘ಟಾಲರೆನ್ಸ್ = 0.02’ ಎಂದು ಬರೆದಿದ್ದರು. ಕ್ಲಾಸಿನ ಒಡಲಲ್ಲಿ ಬರೆದದ್ದು ಮೆಟಾಕ್ಲಾಸಿನ ಕಾವಲಿನ ಮುಂದೆ ಹಾದುಹೋಗುವುದೇ ಇಲ್ಲ. ಹೊಸ ಕ್ಲಾಸಿನ ಡಿಕ್ಷನರಿಯ ಜೊತೆಯಲ್ಲೇ ಹುಟ್ಟುತ್ತದೆ. ಆ ಮೇಲೆ ಹೊರಗಿನಿಂದ ಎಷ್ಟು ಸಲ ಬದಲಿಸಿದರೂ ಆ ನಕಲೇ ಬದಲಾಗುತ್ತದೆ. ಒಡಲು ಖಾಲಿ ಇದ್ದು, ಹೊರಗಿನಿಂದ ಇಟ್ಟಿದ್ದರೆ ಸರಿಯಾಗಿ ಸಿ++ಗೆ ಹೋಗುತ್ತಿತ್ತು. ಇಷ್ಟು ಸಣ್ಣ ವ್ಯತ್ಯಾಸವನ್ನು ಸ್ಕ್ರಿಪ್ಟ್ ಬರೆಯುವವರು ನೆನಪಿಡಲಿ ಎನ್ನುವುದು ಅನ್ಯಾಯ. ಪೈಬೈಂಡ್11 2.6ರಲ್ಲಿ ಬಂದ ‘ಇಸ್_ಫೈನಲ್’ ಹಾಕಿ, ಸೆಟ್ಟಿಂಗ್ಸ್‌ನಿಂದ ಇನ್ನೊಂದು ಕ್ಲಾಸ್ ಹುಟ್ಟದಂತೆ ಮಾಡಿದೆವು. ಈಗ ಆ ಸಾಲಿಗೆ ಎರರ್ ಬರುತ್ತದೆ, ತಿದ್ದಬಹುದು.

ಎರಡು ವಿಳಾಸ

ವರದಿ ಬರೆಯುವ ಕೋಡ್ ಬೇರೆ ಮಾಡ್ಯೂಲ್. ಅದೂ ಸಿ++, ಅದೂ ಅದೇ ಲೈಬ್ರರಿಯನ್ನು ಬಳಸುತ್ತದೆ. ಅಳತೆಯ ಮಾಡ್ಯೂಲಿನಲ್ಲಿ ಟಾಲರೆನ್ಸ್ 0.02 ಆದ ಮೇಲೂ ವರದಿಯ ತಲೆಬರಹದಲ್ಲಿ 0.05 ಅಚ್ಚಾಗುತ್ತಿತ್ತು. ಮೆಟಾಕ್ಲಾಸ್, ಡಿಸ್ಕ್ರಿಪ್ಟರ್ ಎಲ್ಲವನ್ನೂ ಮತ್ತೆ ನೋಡಿದೆವು. ಎಲ್ಲ ಸರಿಯಿತ್ತು.

ಆಗ ಎರಡೂ ಮಾಡ್ಯೂಲುಗಳಲ್ಲಿ ಒಂದೊಂದು ಪುಟ್ಟ ಫಂಕ್ಷನ್ ಸೇರಿಸಿದೆವು. ಅದರ ಕೆಲಸ ಟಾಲರೆನ್ಸಿನ ಮೆಮೊರಿ ವಿಳಾಸವನ್ನು ಸಂಖ್ಯೆಯಾಗಿ ಹೇಳುವುದು, ಅಷ್ಟೇ. ಒಂದೇ ಪೈಥಾನ್ ಪ್ರೊಸೆಸ್, ಒಂದೇ ಕ್ಲಾಸ್, ಒಂದೇ ಸ್ಟಾಟಿಕ್ ಸದಸ್ಯ. ತೆರೆಯ ಮೇಲೆ ಎರಡು ಬೇರೆ ಬೇರೆ ವಿಳಾಸ. ಲೈಬ್ರರಿಯನ್ನು ಸ್ಟಾಟಿಕ್ ಆರ್ಕೈವ್ ಆಗಿ ಕಟ್ಟಿ ಎರಡೂ ಮಾಡ್ಯೂಲುಗಳಿಗೆ ಲಿಂಕ್ ಮಾಡಿದ್ದೆವು. ಪ್ರತಿಯೊಂದರಲ್ಲೂ ಲೈಬ್ರರಿಯ ಪೂರ್ತಿ ಪ್ರತಿ, ಅದರೊಳಗೆ ಅದರದೇ ಟಾಲರೆನ್ಸ್. ಪೈಥಾನ್ ಮಾಡ್ಯೂಲುಗಳನ್ನು ಲೋಡ್ ಮಾಡುವಾಗ ಒಂದರ ಸಿಂಬಲ್ ಇನ್ನೊಂದಕ್ಕೆ ಕಾಣದಂತೆಯೇ ಲೋಡ್ ಮಾಡುತ್ತದೆ. ಪೈಬೈಂಡ್11 ಮಾಡ್ಯೂಲುಗಳನ್ನು ಸಿಂಬಲ್ ಅಡಗಿಸಿ ಕಂಪೈಲ್ ಮಾಡುವುದು ವಾಡಿಕೆ ಬೇರೆ. ಹಾಗಾಗಿ ಎರಡು ಪ್ರತಿಗಳೂ ಒಂದನ್ನೊಂದು ಅರಿಯದೆ ಪಕ್ಕಪಕ್ಕದಲ್ಲಿ ಬದುಕಿದ್ದವು.

ಲೋಡ್ ಮಾಡುವ ಫ್ಲ್ಯಾಗನ್ನು ಗ್ಲೋಬಲ್ ಮಾಡಿದರೆ ಆಗಬಹುದು ಎಂಬ ಸಲಹೆ ಬಂತು. ಅದು ಪ್ರೊಸೆಸ್ಸಿನ ಎಲ್ಲ ಮಾಡ್ಯೂಲುಗಳ ಸಿಂಬಲ್‌ಗಳನ್ನೂ ಕಲೆಸುತ್ತದೆ. ನಾಳೆ ಇನ್ಯಾರದೋ ಲೈಬ್ರರಿಯ ಜೊತೆ ಜಗಳವಾದರೆ ಹುಡುಕುವುದು ಇದಕ್ಕಿಂತ ಕಷ್ಟ. ಅದರ ಬದಲು ಮೂಲ ಲೈಬ್ರರಿಯನ್ನೇ ಶೇರ್ಡ್ ಲೈಬ್ರರಿ ಮಾಡಿ, ಸೆಟ್ಟಿಂಗ್ಸ್ ಕ್ಲಾಸನ್ನು ಹೊರಗೆ ಕಾಣುವಂತೆ ಗುರುತಿಸಿ, ಎರಡೂ ಮಾಡ್ಯೂಲುಗಳು ಅದನ್ನು ಹಂಚಿಕೊಳ್ಳುವಂತೆ ಬದಲಿಸಿದೆವು. ಪ್ಯಾಕೇಜ್ ಮಾಡುವ ಕೆಲಸ ಒಂದು ವಾರ ಹೆಚ್ಚಾಯಿತು. ವಿಳಾಸ ಹೇಳುವ ಫಂಕ್ಷನ್‌ಗಳನ್ನು ತೆಗೆಯಲಿಲ್ಲ. ಎರಡೂ ಒಂದೇ ವಿಳಾಸ ಕೊಡುತ್ತವೆಯೇ ಎಂಬುದು ಈಗ ಪ್ರತಿ ಬಿಲ್ಡಿನ ಮೊದಲ ಟೆಸ್ಟ್.

ಅಳತೆಯ ಲೆಕ್ಕ ನಡೆಯುವಾಗ ನಾವು ಪೈಥಾನ್‌ನ ಜಿಐಎಲ್ (ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸುವಂತೆ ಕಾಯುವ ಬೀಗ) ಬಿಟ್ಟುಕೊಡುತ್ತೇವೆ, ಸಿ++ ಥ್ರೆಡ್‌ಗಳು ಟಾಲರೆನ್ಸ್ ಓದುತ್ತಿರುತ್ತವೆ. ಅದೇ ಹೊತ್ತಿಗೆ ಸ್ಕ್ರಿಪ್ಟ್ ಬೆಲೆ ಬದಲಿಸಿದರೆ ಕಾಯುವವರಿಲ್ಲ. ಹಾಗಾಗಿ ಟಾಲರೆನ್ಸನ್ನು ಅಟಾಮಿಕ್ ಮಾಡಿದೆವು, ಅಂದರೆ ಹಲವು ಥ್ರೆಡ್‌ಗಳು ಒಟ್ಟಿಗೆ ಮುಟ್ಟಿದರೂ ಬೆಲೆ ಕೆಡದಂತೆ. ನೇರ ಡೆಫ್_ರೀಡ್‌ರೈಟ್_ಸ್ಟಾಟಿಕ್‌ಗೆ ಅಟಾಮಿಕ್ ಒಗ್ಗುವುದಿಲ್ಲ, ನಮ್ಮ ಗೆಟ್ಟರ್-ಸೆಟ್ಟರ್ ಮೊದಲೇ ಇದ್ದದ್ದರಿಂದ ಒಳಗೆ ಲೋಡ್, ಸ್ಟೋರ್ ಬರೆದರೆ ಸಾಕಾಯಿತು. ಹೆಸರುಗಳ ವೆಕ್ಟರ್ ವಿಷಯದಲ್ಲಿ ಇನ್ನೊಂದು ಬಗೆಯ ನಕಲು ಕಾಡಿತು. ಓದಿದಾಗಲೆಲ್ಲ ಹೊಸ ಪೈಥಾನ್ ಲಿಸ್ಟ್ ಬರುತ್ತದೆ, ಅದಕ್ಕೆ ಅಪೆಂಡ್ ಮಾಡಿದರೆ ಸಿ++ಗೆ ಗೊತ್ತಾಗುವುದಿಲ್ಲ. ಲಿಸ್ಟಿನ ಬದಲು ಟ್ಯೂಪಲ್ ಕೊಡುತ್ತಿದ್ದೇವೆ. ಅಪೆಂಡ್ ಮಾಡಲು ಹೋದವರಿಗೆ ಎರರ್ ಸಿಗುತ್ತದೆ, ಪೂರ್ತಿ ಪಟ್ಟಿಯನ್ನು ಹೊಸದಾಗಿ ಇಡಬೇಕೆಂದು ತಿಳಿಯುತ್ತದೆ.

ಈಗ ಎಲ್ಲಿದ್ದೇವೆ

ವರದಿಯ ತಲೆಬರಹದಲ್ಲಿ ಅಚ್ಚಾಗುವ ಟಾಲರೆನ್ಸನ್ನು ಪೈಥಾನ್‌ನಿಂದ ತೆಗೆದುಕೊಳ್ಳುವುದನ್ನೂ ಸೆಟ್ಟಿಂಗ್ಸ್‌ನಿಂದ ಓದುವುದನ್ನೂ ನಿಲ್ಲಿಸಿದೆವು. ವೃತ್ತ ಕೂರಿಸುವ ಸಿ++ ಫಂಕ್ಷನ್ ತಾನು ಬಳಸಿದ ಬೆಲೆಯನ್ನು ಫಲಿತಾಂಶದ ಜೊತೆಯಲ್ಲೇ ಹಿಂದಿರುಗಿಸುತ್ತದೆ, ಅಚ್ಚಾಗುವುದು ಅದು. ಟಾಲರೆನ್ಸ್ ಹೆಸರಿನಲ್ಲಿ ಒಂದಕ್ಷರ ತಪ್ಪಿ ಬರೆದರೆ ಪೈಥಾನ್ ಈಗಲೂ ಹೊಸ ಆಟ್ರಿಬ್ಯೂಟ್ ಮಾಡಿ ಸುಮ್ಮನಾಗುತ್ತದೆ; ಆದರೆ ವರದಿಯ ಮೊದಲ ಸಾಲೇ ಅದನ್ನು ಹೊರಗೆ ಹಾಕುತ್ತದೆ. ಇಷ್ಟೆಲ್ಲದರಲ್ಲಿ ನನಗೆ ಅತಿ ಹೆಚ್ಚು ನೆಮ್ಮದಿ ಕೊಟ್ಟ ಬದಲಾವಣೆ ಅದೇ.

ಇಡೀ ಪ್ರೋಗ್ರಾಮಿಗೆ ಒಂದೇ ಟಾಲರೆನ್ಸ್ ಇರುವುದೇ ಸರಿಯಲ್ಲ, ಪ್ರತಿ ಅಳತೆಗೂ ಅದರದೇ ಟಾಲರೆನ್ಸ್ ಆರ್ಗ್ಯುಮೆಂಟಾಗಿ ಹೋಗಬೇಕು ಎಂಬ ತೀರ್ಮಾನಕ್ಕೆ ನಂತರ ಬಂದೆವು. ಒಂದೇ ಸಲ ಎಲ್ಲ ಸ್ಕ್ರಿಪ್ಟುಗಳನ್ನು ಮುರಿಯುವ ಧೈರ್ಯ ಮಾಡಲಿಲ್ಲ. ‘ಸೆಟ್ಟಿಂಗ್ಸ್.ಟಾಲರೆನ್ಸ್ = 0.02’ ಎಂಬ ಸಾಲು ಈಗ ನಮ್ಮ ಸೆಟ್ಟರ್ ಮೂಲಕವೇ ಹಾದುಹೋಗುವುದರಿಂದ, ಅದರೊಳಗೆ ಒಂದು ಎಚ್ಚರಿಕೆ ಹಾಕಿದೆವು: ಯಾವ ಫೈಲಿನ ಯಾವ ಸಾಲು ಇದನ್ನು ಇನ್ನೂ ಬಳಸುತ್ತಿದೆ ಎಂದು ರಾತ್ರಿಯ ಲಾಗಿನಲ್ಲಿ ಬೀಳುತ್ತದೆ. ಬರೀ ಫ್ಲೋಟ್ ಇದ್ದಾಗ ಇದು ಸಾಧ್ಯವೇ ಇರಲಿಲ್ಲ. ಕಳೆದ ವಾರದ ಲಾಗಿನಲ್ಲಿ ಎರಡು ಸ್ಕ್ರಿಪ್ಟ್ ಉಳಿದಿದ್ದವು. ಒಂದು, ಆ ದಿನ ಲಾಟನ್ನು ತಡೆದು ನಿಲ್ಲಿಸಿದ ಮೇಡಂ ಅವರದು. ಸೋಮವಾರ ಅವರ ಜೊತೆ ಕೂತು ಅದನ್ನು ಬದಲಿಸುತ್ತೇವೆ.